ಬಿಸಿಲಿನ ಊರಿನಲ್ಲಿ ಚಿತ್ರದ ಹೊತ್ತು

ಹುಬ್ಬಳ್ಳಿ-ಧಾರವಾಡಕ್ಕೆ ಬಂದ ನೆಂಟರು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು "ಇಲ್ಲೆ ಫೋಟೊ ತಗಿಯೂವಂಥಾ ಜಾಗಾ ಯಾವ್ಯಾವು ಅದಾವ್ರಿ?" ಎಂದು ಕೇಳಿದರೆ ನಮ್ಮವರ ಉತ್ತರ ಸಾಮಾನ್ಯವಾಗಿ ಊರಿನ ಹೊರಗೇ ಇರುತ್ತದೆ. ದಾಂಡೇಲಿಗೆ ಹೋಗ್ರಿ, ಬಾದಾಮಿ ನೋಡ್ರಿ, ಎರಡು ದಿನ ಪುರಸೊತ್ತಿದ್ದರ ಹಂಪಿ ಮುಗಿಸಿಕೊಂಡು ಬರ್ರಿ. ಊರೊಳಗಿನದನ್ನೇ ಹೇಳಿ ಎಂದರೆ ಉಣಕಲ್ ಕೆರೆ, ನೃಪತುಂಗ ಬೆಟ್ಟ, ಗಾಜಿನ ಮನೆ ಎಂದು ಬೆರಳು ಮಡಚಿ ಮಾತು ಮುಗಿಸುತ್ತೇವೆ. ಈ ಅವಳಿ ನಗರದಲ್ಲಿ ನೋಡಲು ಏನೂ ಇಲ್ಲ ಎಂಬ ನಂಬಿಕೆಯನ್ನು ಹೊರಗಿನವರು ನಮ್ಮ ಮೇಲೆ ಹೇರಿಲ್ಲ, ನಾವೇ ಸಾಕಿಕೊಂಡು ಬಂದಿದ್ದೇವೆ. ಅದು ತಪ್ಪು ನಂಬಿಕೆ. ಹಾನಿ ಮಾಡುವ ನಂಬಿಕೆಯೂ ಹೌದು. ತನ್ನಲ್ಲಿ ಏನೂ ಇಲ್ಲವೆಂದು ಒಪ್ಪಿಕೊಂಡ ಊರು ಇದ್ದದ್ದನ್ನು ಕಾಯುವುದಿಲ್ಲ, ಇಲ್ಲದ್ದನ್ನು ಕಟ್ಟಲು ದುಡ್ಡು ಸುರಿಯುತ್ತದೆ.

ಮೊದಲು ಆ ಪ್ರಶ್ನೆಯನ್ನೇ ನೋಡೋಣ. "ಯಾವ ಜಾಗ?" ಎಂದು ಕೇಳುವವರು ಚಂದ ಎನ್ನುವುದು ಜಾಗದಲ್ಲಿ ಇಟ್ಟಲ್ಲೇ ಇರುತ್ತದೆ, ನಾವು ಯಾವಾಗ ಹೋದರೂ ಎತ್ತಿಕೊಂಡು ಬರಬಹುದು ಎಂದುಕೊಂಡಿರುತ್ತಾರೆ. ಮಂಜು ಮುಸುಕಿದ ಕೊಡಗಿನಲ್ಲೋ ವರ್ಷದ ಬಹುಭಾಗ ಮೋಡವಿರುವ ದೇಶಗಳಲ್ಲೋ ಇದು ಸ್ವಲ್ಪ ನಡೆದೀತು. ಅಲ್ಲಿ ಬೆಳಗಿನ ಒಂಬತ್ತಕ್ಕೂ ಮಧ್ಯಾಹ್ನದ ಎರಡಕ್ಕೂ ಬೆಳಕು ಹೆಚ್ಚುಕಡಿಮೆ ಒಂದೇ ತೆರ. ನಮ್ಮದು ಬಿಸಿಲಿನ ಊರು. ಇಲ್ಲಿ ಎಂಟು ಗಂಟೆಗೆ ಜೀವವಿದ್ದ ಗೋಡೆ ಹನ್ನೊಂದಕ್ಕೆ ಬರೀ ಸುಣ್ಣದ ಪಟ್ಟಿ. ಸಂಜೆ ಐದರ ಹೊತ್ತಿಗೆ ಅದೇ ಗೋಡೆಯ ಮೇಲೆ ಎದುರಿನ ಬೇವಿನಮರದ ನೆರಳು ಬಂದು ಕೂತಿರುತ್ತದೆ. ಹೀಗಿರುವಾಗ ಜಾಗದ ಪಟ್ಟಿ ಕೈಯಲ್ಲಿ ಹಿಡಿದು ಮಧ್ಯಾಹ್ನ ಆಟೋ ಹತ್ತಿ ಹೊರಟವನಿಗೆ ಊರು ಕಾಣದಿದ್ದರೆ ಆ ತಪ್ಪು ಊರಿನದಲ್ಲ. ಬಿಸಿಲಿನ ಊರಿನಲ್ಲಿ ಹುಡುಕಬೇಕಾದದ್ದು ಹೊತ್ತನ್ನು. ಹೊತ್ತು ಸಿಕ್ಕರೆ ಜಾಗ ತಾನಾಗಿ ಸಿಗುತ್ತದೆ.

ಇದು ಬರೀ ಭಾವದ ಮಾತಲ್ಲ, ಲೆಕ್ಕವಿದೆ. ಹುಬ್ಬಳ್ಳಿ ಇರುವುದು ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷದಲ್ಲಿ ಎರಡು ಸಲ, ಮೇ ತಿಂಗಳ ಮೊದಲ ವಾರದಲ್ಲಿ ಮತ್ತು ಆಗಸ್ಟ್ ಎರಡನೇ ವಾರದ ಸುಮಾರಿಗೆ, ಸೂರ್ಯ ಇಲ್ಲಿ ನೆಟ್ಟನೆ ನೆತ್ತಿಯ ಮೇಲೆ ಬರುತ್ತಾನೆ. ನಿಂತ ಕಂಬಕ್ಕೆ ಆಗ ನೆರಳೇ ಇರುವುದಿಲ್ಲ. ಅದೂ ಗಡಿಯಾರದ 12ಕ್ಕಲ್ಲ. ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಕಟ್ಟಿದ್ದು, ನಾವು 75 ಡಿಗ್ರಿಯಲ್ಲಿದ್ದೇವೆ. ಹಾಗಾಗಿ ನಮ್ಮ ನಡುಹಗಲು ಬರುವುದು 12:30ರ ಸುಮಾರಿಗೆ. ಈ ಎರಡು ದಿನಗಳ ನಡುವಿನ ಅವಧಿಯಲ್ಲಿ ನಡುಹಗಲಿನ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಡಿಸೆಂಬರಿನಲ್ಲಿ ಅವನು ಆಗ್ನೇಯದಲ್ಲಿ ಹುಟ್ಟಿ, ನಡುಹಗಲಲ್ಲೂ 51 ಡಿಗ್ರಿಯ ಆಸುಪಾಸಿಗಿಂತ ಮೇಲೇರದೆ, ನೈರುತ್ಯದಲ್ಲಿ ಮುಳುಗುತ್ತಾನೆ. ಆ ತಿಂಗಳು ಯಾವುದೇ ಗುಡಿಯ ಉತ್ತರದ ಗೋಡೆಗೆ ದಿನವಿಡೀ ನೇರ ಬಿಸಿಲು ತಾಗುವುದಿಲ್ಲ. ಮೇ ತಿಂಗಳಲ್ಲಿ ಬೆಳಿಗ್ಗೆ ಈಶಾನ್ಯದ ಕಡೆಯಿಂದ ಬಂದ ಬಿಸಿಲು ಅದೇ ಉತ್ತರದ ಗೋಡೆಯನ್ನು ಸವರಿಕೊಂಡು ಹೋಗುತ್ತದೆ. ಒಂದೇ ಗುಡಿಯ ಎರಡು ಮಗ್ಗುಲನ್ನು ಚೆನ್ನಾಗಿ ನೋಡಬೇಕಾದರೆ ಎರಡು ಹಂಗಾಮು ಬೇಕು. ಪ್ರವಾಸಿ ಪಟ್ಟಿಗಳು ಇದನ್ನು ಎಲ್ಲೂ ಹೇಳುವುದಿಲ್ಲ.

ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯನ್ನೇ ತೆಗೆದುಕೊಳ್ಳಿ. ಚಾಲುಕ್ಯರ ಕಾಲದ ಗುಡಿ, ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿದೆ. ಕೆರೆಯ ದಂಡೆಗೆ ಸಂಜೆ ಸೇರುವ ಜನರಲ್ಲಿ ಎಷ್ಟೋ ಮಂದಿ ಅದರ ಓಣಿಯನ್ನೇ ತುಳಿದಿರುವುದಿಲ್ಲ. ಅದಕ್ಕೆ ನಾಲ್ಕು ದಿಕ್ಕಿಗೂ ಬಾಗಿಲಿದೆ. ನಮ್ಮ ಕಡೆಯ ಬಹಳಷ್ಟು ಹಳೆಯ ಗುಡಿಗಳು ಒಂದು ಬಾಗಿಲಿನಿಂದ ಬೆಳಕು ತಗೊಂಡು ಒಳಗಿನ ಕತ್ತಲಿಗೆ ಅದನ್ನು ಜೋಪಾನವಾಗಿ ಒಯ್ಯುತ್ತವೆ. ಇದು ನಾಲ್ಕೂ ಕಡೆಯಿಂದ ತೆಗೆದುಕೊಳ್ಳುತ್ತದೆ. ಚಳಿಗಾಲದ ಬೆಳಿಗ್ಗೆ ಓರೆಯಾಗಿ ಬಿದ್ದ ಬೆಳಕಿನಲ್ಲಿ ಕಂಬದ ಒಂದು ಮೈ ಬೆಳಗಿ ಇನ್ನೊಂದು ಮೈ ಕಪ್ಪಾಗಿರುತ್ತದೆ, ಆಗಲೇ ಶಿಲ್ಪಿಯ ಉಳಿ ಎಲ್ಲಿ ಆಳಕ್ಕೆ ಇಳಿದಿದೆ, ಎಲ್ಲಿ ಬರೀ ಸವರಿದೆ ಎಂಬುದು ಕಣ್ಣಿಗೆ ಬರುವುದು. ಹನ್ನೆರಡರ ಬಿಸಿಲಿನಲ್ಲಿ ಆ ಕೆತ್ತನೆಯೆಲ್ಲ ಸಪಾಟು. ಒಬ್ಬ ಬೆಳಿಗ್ಗೆ ಹೋಗಿ ಮೂಕವಾಗಿ ಬರುತ್ತಾನೆ, ಇನ್ನೊಬ್ಬ ಮಧ್ಯಾಹ್ನ ಹೋಗಿ "ಸಣ್ಣ ಗುಡಿ, ಏನ್ ವಿಶೇಷ ಇಲ್ಲ" ಎಂದು ಬರುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಎರಡು ಊರುಗಳ ನಡುವಿನ ಅಮರಗೋಳದ ಶಂಕರಲಿಂಗ, ಬನಶಂಕರಿ ಗುಡಿಗಳಿಗೂ ಇದೇ ಮಾತು ಸಲ್ಲುತ್ತದೆ.

ಕಲ್ಲಿನ ಗುಡಿಯನ್ನು ಹೀಗೆ ಬೆಳಕಿಗೆ ಕಾದು ನೋಡುವ ಕೆಲಸ ಈ ಸೀಮೆಗೆ ಹೊಸದಲ್ಲ. ಭಾರತದಲ್ಲಿ ಛಾಯಾಗ್ರಹಣ ಇನ್ನೂ ಕಣ್ಣು ಬಿಡುತ್ತಿದ್ದ 1850ರ ದಶಕದಲ್ಲೇ ಥಾಮಸ್ ಬಿಗ್ಸ್ ಎಂಬ ಫಿರಂಗಿದಳದ ಅಧಿಕಾರಿ, ಅವನ ನಂತರ ಪಿಗೌ ಎಂಬ ವೈದ್ಯ, ಮುಂಬಯಿ ಸರ್ಕಾರದ ಪರವಾಗಿ ಈ ಭಾಗದ ಸ್ಮಾರಕಗಳ ಚಿತ್ರ ತೆಗೆದರು. ಆ ಚಿತ್ರಗಳ ಜೊತೆಗೆ ನೀಲ್ ಎಂಬುವನ ಚಿತ್ರಗಳನ್ನೂ ಸೇರಿಸಿ, ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಹೆಸರಿನಲ್ಲಿ 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಗ್ರಂಥವೊಂದು ಹೊರಬಂತು. ಅದಕ್ಕೆ ಚಾರಿತ್ರಿಕ ಟಿಪ್ಪಣಿ ಬರೆದವನು ಸುರಪುರದ ಕಥೆಯಿಂದ ಕನ್ನಡಿಗರಿಗೆ ಪರಿಚಿತನಾದ ಮೆಡೋಸ್ ಟೇಲರ್, ವಾಸ್ತುವಿನ ಟಿಪ್ಪಣಿ ಜೇಮ್ಸ್ ಫರ್ಗ್ಯುಸನ್ನನದು. ಅವರು ಆಳುವವರ ಕಡೆಯವರು, ಅವರ ನೋಟದಲ್ಲಿ ಆಳುವವರ ಲೆಕ್ಕಾಚಾರವೂ ಇತ್ತು, ಅದನ್ನು ಮರೆಯಬೇಕಿಲ್ಲ. ಆದರೂ ಆ ಚಿತ್ರಗಳಿಗೆ ಇಂದು ಬೆಲೆ ಇರುವುದು ಗುಡಿ ಮಾತ್ರ ಕಾಣುತ್ತದೆಂದಲ್ಲ, ಗುಡಿಯ ಸುತ್ತ ಆಗ ಏನಿತ್ತು ಎಂಬುದೂ ಕಾಣುತ್ತದೆಂದು. ಒಂದೂವರೆ ಶತಮಾನದ ಹಿಂದೆ, ದೊಡ್ಡ ಪೆಟ್ಟಿಗೆ ಹೊತ್ತುಕೊಂಡು ಎತ್ತಿನ ಬಂಡಿಯ ದಾರಿಯಲ್ಲಿ ಬಂದವರಿಗೆ ಇಲ್ಲಿ ತೆಗೆಯುವಂಥದ್ದು ಇದೆ ಎಂದು ಅನ್ನಿಸಿತ್ತು. ಕಿಸೆಯಲ್ಲಿ ಕ್ಯಾಮೆರಾ ಇಟ್ಟುಕೊಂಡ ನಮಗೆ ಇಲ್ಲ ಅನ್ನಿಸುತ್ತಿದೆ.

1962ರಲ್ಲಿ ಒಂದೇ ಮಹಾನಗರ ಪಾಲಿಕೆಯಡಿ ಸೇರಿದರೂ, 20 ಕಿಲೋಮೀಟರ್ ಅಂತರದ ಈ ಎರಡು ಊರುಗಳ ಬೆಳಕು ಬೇರೆ ಬೇರೆ. ಇದು ನನಗೆ ಇಲ್ಲಿನ ಅತಿ ದೊಡ್ಡ ಸಂಪತ್ತಾಗಿ ಕಾಣುತ್ತದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹುಬ್ಬಳ್ಳಿಯಿಂದ ಅಣ್ಣಿಗೇರಿ, ನವಲಗುಂದದ ದಿಕ್ಕಿಗೆ ಹೊರಟರೆ ಎರಿ ಮಣ್ಣಿನ ಬಯಲು. ಕಪ್ಪು ನೆಲ ಬೆಳಕನ್ನು ನುಂಗುತ್ತದೆ, ವಾಪಸು ಕೊಡುವುದು ಕಡಿಮೆ. ಹೊಲದಲ್ಲಿ ನಿಂತವರ ಮುಖಕ್ಕೆ ಕೆಳಗಿನಿಂದ ಬೆಳಕು ಬರುವುದಿಲ್ಲ, ಕಣ್ಣಿನ ಗುಳಿ, ಗದ್ದದ ಕೆಳಗಿನ ನೆರಳು ಗಟ್ಟಿಯಾಗಿ ಉಳಿಯುತ್ತದೆ. ಅದೇ ನೆಲದ ಮೇಲೆ ಒಡೆದ ಹತ್ತಿ ಕಣ್ಣು ಕೋರೈಸುವಷ್ಟು ಬಿಳಿ. ಹಿಂಗಾರಿಯಲ್ಲಿ ಜೋಳ ಆಳೆತ್ತರ ನಿಂತು, ನಡುವೆ ಕುಸುಬಿ ಹಳದಿಯಾದಾಗ ಆ ಬಯಲಿನಲ್ಲಿ ಅಡ್ಡವೇ ಇಲ್ಲ, ಬೆಳಗಿನ ಮೊದಲ ಬಿಸಿಲು ನೇರ ನೆಲಕ್ಕೆ ಸಮನಾಗಿ ಬರುತ್ತದೆ. ಧಾರವಾಡದ ಪಡುವಣ ದಿಕ್ಕಿಗೆ ಹೋದಂತೆ ಮಸಾರಿ ನೆಲ ಶುರು. ಕೆಂಪು ಮಣ್ಣು ಬಿಸಿಲನ್ನು ಕೆಂಪಾಗಿ ಹಿಂದಿರುಗಿಸುತ್ತದೆ, ಮುಖಗಳು ಬೆಚ್ಚಗೆ ಕಾಣುತ್ತವೆ. ಮಾಳಮಡ್ಡಿಯಂಥ ಹಳೆಯ ಬಡಾವಣೆಗಳಲ್ಲಿ ಉಳಿದಿರುವ ಹೆಂಚಿನ ಮನೆಗಳ ಅಂಗಳದಲ್ಲಿ ನಿಂತು ನೋಡಿದರೆ ಇದು ತಿಳಿಯುತ್ತದೆ.

ಇನ್ನು ಮಳೆ. ಧಾರವಾಡ ಮಲೆನಾಡಿನ ಸೆರಗು. ಹುಬ್ಬಳ್ಳಿಯಲ್ಲಿ ಬಿಸಿಲಿದ್ದು ಧಾರವಾಡದಲ್ಲಿ ಜಿಟಿಜಿಟಿ ಹಿಡಿದಿರುವುದು ಜುಲೈ-ಆಗಸ್ಟಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಮೋಡದ ಬೆಳಕಿಗೆ ನೆರಳಿಲ್ಲ, ಬಣ್ಣಗಳು ತಮ್ಮಷ್ಟಕ್ಕೆ ತಾವು ಗಾಢವಾಗುತ್ತವೆ. ಸಾಧನಕೇರಿಯಲ್ಲಿ ಮನೆ ಮಾಡಿಕೊಂಡಿದ್ದ ಬೇಂದ್ರೆ ಶ್ರಾವಣವನ್ನು ಮತ್ತೆಮತ್ತೆ ಹಾಡಿದ್ದು ಸುಮ್ಮನೆ ಅಲ್ಲ, ಆ ಕೆರೆಯ ಮೇಲೆ ಶ್ರಾವಣ ಬರುವ ರೀತಿಯೇ ಹಾಗಿದೆ. ಪ್ರವಾಸಿಗಳಿಗೆ ನಾವು "ಮಳಿಗಾಲದಾಗ ಬರಬ್ಯಾಡ್ರಿ" ಎನ್ನುತ್ತೇವೆ. ಧಾರವಾಡದ ಮಟ್ಟಿಗೆ ಅದು ತಲೆಕೆಳಗಾದ ಸಲಹೆ. ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡ, ಶಾಲ್ಮಲಾ ಹುಟ್ಟುವ ಸೋಮೇಶ್ವರ, ಕೆಲಗೇರಿ ಕೆರೆಯ ಏರಿ, ನುಗ್ಗಿಕೇರಿ, ಇವೆಲ್ಲ ಆಗಸ್ಟಿನಲ್ಲಿ ಏನಾಗಿರುತ್ತವೋ ಅದನ್ನು ಏಪ್ರಿಲ್ಲಿನ ಚಿತ್ರದಲ್ಲಿ ಊಹಿಸುವುದಕ್ಕೂ ಆಗದು.

ಹೊತ್ತನ್ನು ಬಿಟ್ಟು ದಾಖಲೆಯ ಹಿಂದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಹುಬ್ಬಳ್ಳಿಯ ರೈಲು ನಿಲ್ದಾಣ ಒಳ್ಳೆಯ ಉದಾಹರಣೆ. ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. 2023ರ ಮಾರ್ಚ್‌ನಲ್ಲಿ ಅದರ ಉದ್ಘಾಟನೆಯಾಯಿತು. ಅದಕ್ಕೂ ಮುಂಚೆ ಆ ದಾಖಲೆ ಗೋರಖ್‌ಪುರದ್ದು, 1366 ಮೀಟರ್. ನಮಗೆ ಹೆಮ್ಮೆ ಇರಬೇಕಾದದ್ದೇ. ಆದರೆ ಅದರ ಚಿತ್ರ ತೆಗೆಯಲು ಹೋದ ಪ್ರತಿಯೊಬ್ಬನೂ ಕಂಡುಕೊಳ್ಳುವ ಸತ್ಯ ಒಂದೇ, ಒಂದೂವರೆ ಕಿಲೋಮೀಟರ್ ಯಾವ ಚೌಕಟ್ಟಿನಲ್ಲೂ ಕೂರುವುದಿಲ್ಲ. ದೂರದಲ್ಲಿ ಗೆರೆಗಳು ಕೂಡಿಕೊಂಡ ಆ ಚಿತ್ರವನ್ನು ಯಾವ ಊರಿನ ಪ್ಲಾಟ್‌ಫಾರ್ಮ್ ಎಂದರೂ ನಂಬಬಹುದು. ಅದರ ಉದ್ದ ತಿಳಿಯುವುದು ತಲೆಯ ಮೇಲೆ ಗಂಟು ಹೊತ್ತು, ಕಂಕುಳಲ್ಲಿ ಕೂಸು ಹಿಡಿದು, ತನ್ನ ಬೋಗಿಯ ತನಕ ನಡೆಯುತ್ತಲೇ ಇರುವ ತಾಯಿಯ ಚಿತ್ರದಲ್ಲಿ, ಅವಳ ಹಿಂದೆ ಇಳಿಬಿಸಿಲಿನ ನೆರಳು ಉದ್ದವಾಗಿ ಬಿದ್ದಾಗ. ದಾಖಲೆಯನ್ನು ಫಲಕದಲ್ಲಿ ಬರೆಯಬಹುದು, ಚಿತ್ರಕ್ಕೆ ಮನುಷ್ಯರು ಬೇಕು.

ಮನುಷ್ಯರು ಎಂದ ಕೂಡಲೇ ಕಷ್ಟದ ಪ್ರಶ್ನೆ ಬರುತ್ತದೆ, ಅದನ್ನು ದಾಟಿಕೊಂಡು ಹೋಗುವುದು ಸರಿಯಲ್ಲ. ಈ ಊರಿನ ಅತ್ಯಂತ ಚಂದದ ನೋಟಗಳು ದುಡಿಮೆಯ ಜಾಗಗಳಲ್ಲಿವೆ. ದುರ್ಗದಬೈಲಿನ ಕಾಯಿಪಲ್ಯೆ ಸಂತೆಯಲ್ಲಿ ನೀಲಿ ತಾಡಪತ್ರಿಯ ಕೆಳಗೆ ಕೂತವರ ಮುಖ ನೀಲಿಯಾಗಿ, ಕೆಂಪಿನ ಕೆಳಗೆ ಕೂತವರದು ಕೆಂಪಾಗಿ ಕಾಣುತ್ತದೆ. ನವಲೂರಿನ ಪ್ಯಾರಲ ಹಣ್ಣಿನ ಬುಟ್ಟಿ ಮುಂದಿಟ್ಟುಕೊಂಡ ಹೆಣ್ಣುಮಕ್ಕಳು, ಅವರ ಇಳಕಲ್ ಸೀರೆಯ ಕೆಂಪು ಸೆರಗು, ಬಾಣಲೆಯಿಂದ ಮಿರ್ಚಿ ಎತ್ತುವಾಗ ಒಲೆಯ ಬೆಳಕು ಬಿದ್ದ ಮುಖ, ರಂಗಪಂಚಮಿಯ ದಿನ ಬಣ್ಣದಲ್ಲಿ ಮುಳುಗಿದ ಓಣಿಗಳು. ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ಕೆಂಪುಕೋಟೆಯ ಮೇಲೆ ಹಾರುವ ಧ್ವಜದ ಹಿಂದೆ ಇರುವುದು ಅಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ಮಹಿಳೆಯರ ಕೈ. 150×100 ಮಿಲಿಮೀಟರಿನ ಮೇಜಿನ ಧ್ವಜದಿಂದ 6300×4200 ಮಿಲಿಮೀಟರಿನ ಭಾರಿ ಧ್ವಜದವರೆಗೆ ಒಂಬತ್ತು ಅಳತೆಗಳಿವೆ, ಒಂದೊಂದಕ್ಕೂ ನಿಗದಿಯಾದ ಪ್ರಮಾಣ. ಕಿಟಕಿಯ ಬೆಳಕಿಗೆ ಹಿಡಿದ ಕೇಸರಿ ಖಾದಿಯ ನೇಯ್ಗೆ ಕಂಡವರಿಗೆ ಇದಕ್ಕಿಂತ ದೊಡ್ಡ ಚಿತ್ರ ಬೇಕೆನಿಸದು. ಧ್ವಜಸಂಹಿತೆಗೆ 2021ರ ಕೊನೆಯಲ್ಲಿ ತಿದ್ದುಪಡಿಯಾಗಿ ಯಂತ್ರದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಸಿಕ್ಕ ಮೇಲೆ ಈ ಕೈಕೆಲಸದ ಮೇಲೆ ಕತ್ತಿ ತೂಗುತ್ತಿದೆ. ಅಂಥ ಜಾಗಕ್ಕೆ ಚಿತ್ರಗಾರ ಹೋಗಬೇಕಾದದ್ದು ಇನ್ನೂ ಅಗತ್ಯ.

ಆದರೆ ಹೇಗೆ ಹೋಗಬೇಕು? ಅದು ಇನ್ನೊಬ್ಬರು ಹೊಟ್ಟೆಪಾಡಿಗೆ ಕೂತ ಜಾಗ, ನಮ್ಮ ಹಿನ್ನೆಲೆ ಪರದೆಯಲ್ಲ. ದೂರದಿಂದ ಉದ್ದನೆಯ ಲೆನ್ಸ್ ಚಾಚಿ ಮುದುಕಿಯೊಬ್ಬಳ ಸುಕ್ಕನ್ನು ಕದ್ದು, ಅದಕ್ಕೆ "ಬದುಕು" ಎಂದು ಹೆಸರಿಟ್ಟು ಸ್ಪರ್ಧೆಗೆ ಕಳಿಸುವ ಚಾಳಿಯನ್ನು ನಾನು ಒಪ್ಪುವುದಿಲ್ಲ. ಕೇಳಿದರೆ ಮುಖದ ಸಹಜತೆ ಹೋಗುತ್ತದೆ ಎಂಬುದು ಛಾಯಾಗ್ರಾಹಕರ ವಾದ. ಆ ವಾದದಲ್ಲಿ ಅರ್ಧ ನಿಜವಿದೆ, ಕೇಳಿದ ಕ್ಷಣಕ್ಕೆ ಜನ ಸೆಟೆದು ಕೂರುತ್ತಾರೆ. ಅದಕ್ಕೆ ಪರಿಹಾರ ಕಳ್ಳತನವಲ್ಲ, ಇನ್ನಷ್ಟು ಹೊತ್ತು ಅಲ್ಲಿ ಇರುವುದು. "ಅಕ್ಕಾರ, ಒಂದ್ ಫೋಟೊ ತಕ್ಕೊಳ್ಳಲೇನ್ರಿ?" ಎಂದು ಕೇಳಿ, ಅರ್ಧ ಕಿಲೋ ಪ್ಯಾರಲ ಹಣ್ಣು ಕೊಂಡು, ಕಾಲು ತಾಸು ಕೂತರೆ ಅವರು ನಿಮ್ಮನ್ನು ಮರೆತು ತಮ್ಮ ಗಿರಾಕಿಯತ್ತ ತಿರುಗುತ್ತಾರೆ. ಅಷ್ಟರಲ್ಲಿ ಬೆಳಕೂ ಒಂದಿಷ್ಟು ಸರಿದಿರುತ್ತದೆ. ಹೊತ್ತು ಕಾಯುವುದೂ ಜನರಿಗೆ ಮರ್ಯಾದೆ ಕೊಡುವುದೂ ಇಲ್ಲಿ ಒಂದೇ ಅಭ್ಯಾಸವಾಗಿಬಿಡುತ್ತದೆ. ಅವರು ಬೇಡ ಎಂದರೆ ಬೇಡ, ಅಲ್ಲಿಗೆ ಮುಗಿಯಿತು.

ಈಗ ಸೆಲ್ಫಿ ಪಾಯಿಂಟಿನ ವಿಷಯಕ್ಕೆ ಬರುತ್ತೇನೆ. ನಾಡಿನ ಎಲ್ಲ ನಗರಗಳಲ್ಲೂ ಒಂದು ಖಯಾಲಿ ಹಬ್ಬಿದೆ. ಕೆರೆಯ ದಂಡೆಗೋ ವೃತ್ತಕ್ಕೋ ಊರಿನ ಹೆಸರಿನ ದೊಡ್ಡ ದೊಡ್ಡ ಅಕ್ಷರ, ಒಂದು ಕೆಂಪು ಹೃದಯ, ಹಿಂದೆ ಪ್ಲಾಸ್ಟಿಕ್ ಹುಲ್ಲಿನ ಗೋಡೆ, ರಾತ್ರಿ ಬಣ್ಣ ಬದಲಿಸುವ ದೀಪ. ಇದರ ಪರವಾಗಿ ಹೇಳುವವರ ಮಾತನ್ನು ಹಗುರವಾಗಿ ತಳ್ಳಿಹಾಕಲಾರೆ. ವಾರವಿಡೀ ದುಡಿದು ರವಿವಾರ ಮಕ್ಕಳನ್ನು ಕರೆದುಕೊಂಡು ಬಂದ ಕುಟುಂಬಕ್ಕೆ ನಗುನಗುತ್ತಾ ನಿಂತು ಒಂದು ಫೋಟೊ ಬೇಕು, ಚಾಲುಕ್ಯರ ಕಂಬದ ನೆರಳು ಬೇಕಿಲ್ಲ. ಅವರ ಸಂತೋಷ ನನ್ನ ಸೌಂದರ್ಯಪ್ರಜ್ಞೆಗಿಂತ ಕಡಿಮೆಯದಲ್ಲ. ಅಲ್ಲಿ ನಾಲ್ಕು ಜನ ಬೇಲ್ ಮಾರಿ ಬದುಕುತ್ತಾರೆ, ಅದೂ ಸರಿ. ನನ್ನ ತಕರಾರು ಬೇರೆ. ಆ ಕುಟುಂಬಕ್ಕೆ ಫೋಟೊದ ಜೊತೆಗೆ ಸ್ವಚ್ಛವಾದ ಶೌಚಾಲಯ, ಕುಡಿಯುವ ನೀರು, ಕೂರಲು ನೆರಳು, ಅಂತರಗಂಗೆ ಮುಚ್ಚದ ಕೆರೆ ಬೇಕು. ಅಕ್ಷರಗಳ ಫಲಕ ಇವೆಲ್ಲಕ್ಕಿಂತ ಅಗ್ಗ, ಬೇಗ ಏಳುತ್ತದೆ, ಉದ್ಘಾಟನೆಗೆ ಒದಗುತ್ತದೆ. ಆಮೇಲೆ ಅದೇ ಕೆಲಸ ಎಂದು ಲೆಕ್ಕಕ್ಕೆ ಬರುತ್ತದೆ. ಎಲ್ಲ ಊರಿಗೂ ಒಂದೇ ಅಚ್ಚಿನ ಅಕ್ಷರ ನಿಲ್ಲಿಸಿದರೆ, ಹೆಸರು ಓದದೆ ಅದು ಯಾವ ಊರೆಂದು ಗುರುತಿಸುವುದೂ ಸಾಧ್ಯವಿಲ್ಲ.

ಒಂದೇ ಕೋನಕ್ಕೆ ಜನರನ್ನೆಲ್ಲ ಕಳಿಸುವುದರ ಕೊನೆ ಏನೆಂಬುದನ್ನು ಜಪಾನಿನ ಫುಜಿಕವಾಗುಚಿಕೊ ಎಂಬ ಸಣ್ಣ ಊರು ತೋರಿಸಿದೆ. ಅಲ್ಲಿನ ಒಂದು ಅಂಗಡಿಯ ಮಾಡಿನ ಮೇಲೆ ಫುಜಿ ಪರ್ವತ ಕೂತಂತೆ ಕಾಣುವ ಜಾಗ ಜಾಲತಾಣಗಳಲ್ಲಿ ಹೆಸರಾಗಿ, ಜನ ರಸ್ತೆ ತುಂಬಿ, ನಿಯಮ ಮೀರಿ, ಕಸ ಚೆಲ್ಲಿ ಸ್ಥಳೀಯರು ಬೇಸತ್ತರು. 2024ರ ಮೇ ತಿಂಗಳಲ್ಲಿ ಆಡಳಿತ ಅಲ್ಲಿ ಎತ್ತರದ ಕಪ್ಪು ಪರದೆ ಕಟ್ಟಿ ಪರ್ವತವನ್ನೇ ಮರೆಮಾಡಬೇಕಾಯಿತು. ನಮ್ಮಲ್ಲಿ ಅಷ್ಟು ಜನ ಬರುತ್ತಿಲ್ಲ, ನಿಜ. ಬರುವ ಮುಂಚೆಯೇ ಯೋಚಿಸುವ ಅನುಕೂಲ ನಮಗಿದೆ. ಊರಿನ ಬೆಳಕನ್ನು ವರ್ಷದ ಹನ್ನೆರಡು ತಿಂಗಳಿಗೆ, ಹತ್ತಾರು ಓಣಿಗಳಿಗೆ ಹಂಚಿ ತೋರಿಸುವ ಕೈಪಿಡಿಯೊಂದನ್ನು ಪ್ರವಾಸೋದ್ಯಮ ಇಲಾಖೆ ತರಬಹುದು. ಮೇ ತಿಂಗಳ ಮುಂಜಾವಿಗೆ ಯಾವ ಗುಡಿಯ ಯಾವ ಗೋಡೆ, ಆಗಸ್ಟಿಗೆ ಯಾವ ಕೆರೆ, ಶಿವರಾತ್ರಿಯ ಮರುದಿನ ಸಿದ್ಧಾರೂಢ ಮಠದ ತೇರಿಗೆ ಎಲ್ಲಿ ನಿಂತರೆ ಭಕ್ತರಿಗೆ ಅಡ್ಡಿಯಾಗದು, ಇಂಥ ಮಾಹಿತಿ. ಇದಕ್ಕೆ ಸಿಮೆಂಟು ಬೇಕಿಲ್ಲ.

ಬೇಕಿರುವುದು ಇದ್ದ ನೋಟ ಕೆಡದಂತೆ ನೋಡಿಕೊಳ್ಳುವುದು. ಬಿಆರ್‌ಟಿಎಸ್‌ಗಾಗಿ ಹುಬ್ಬಳ್ಳಿ-ಧಾರವಾಡ ರಸ್ತೆ ಅಗಲವಾದಾಗ ಸಾಲುಮರಗಳು ಹೋದವು. ಆ ಯೋಜನೆಯ ಚಿಗರಿ ಬಸ್ಸು ಜನರಿಗೆ ಅನುಕೂಲ ಮಾಡಿಕೊಟ್ಟಿದೆ, ಅದನ್ನು ಅಲ್ಲಗಳೆಯುವ ಮಾತಿಲ್ಲ. ಆದರೆ ನೆರಳು ಬೆಳಕಿನ ಆ ಹಾದಿ ಹೋದದ್ದು ನಷ್ಟ ಎಂದು ಯೋಜನೆಯ ಯಾವ ಲೆಕ್ಕದ ಪುಸ್ತಕದಲ್ಲೂ ಬರೆಯಲಾಗದು, ಮರಕ್ಕೆ ಪ್ರತಿಯಾಗಿ ಎಲ್ಲೋ ಸಸಿ ನೆಟ್ಟರೆ ಲೆಕ್ಕ ಚುಕ್ತಾ. ಕಿತ್ತೂರು ಚೆನ್ನಮ್ಮ ವೃತ್ತದಲ್ಲಿ ಮೇಲ್ಸೇತುವೆಯ ಕಾಮಗಾರಿ ಬಂದ ಮೇಲೆ ರಾಣಿಯ ಪ್ರತಿಮೆಯನ್ನು ಆಕಾಶದ ಹಿನ್ನೆಲೆಯಲ್ಲಿ ನೋಡುವ ದಿಕ್ಕುಗಳು ಕಡಿಮೆಯಾಗುತ್ತವೆ. ಸಂಚಾರಕ್ಕೆ ಅದು ಅನಿವಾರ್ಯವಿರಬಹುದು. ಅನಿವಾರ್ಯವೆಂದು ನಿರ್ಧರಿಸುವ ಮೇಜಿನ ಸುತ್ತ ನೋಟದ ಪರವಾಗಿ ಮಾತಾಡುವ ಒಬ್ಬರಾದರೂ ಇರಬೇಕು ಎಂಬುದಷ್ಟೇ ನನ್ನ ಬೇಡಿಕೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು ಎಂದು 2010ರ ತಿದ್ದುಪಡಿ ಹೇಳುತ್ತದೆ. ಕಾನೂನು ಕಲ್ಲನ್ನು ಕಾಯುತ್ತದೆ, ಆ ಕಲ್ಲಿಗೆ ಬೆಳಕು ಬರುವ ದಾರಿಯನ್ನು ಕಾಯುವುದು ಊರಿನ ಕೆಲಸ.

ಉಣಕಲ್ಲಿನ ಗುಡಿಯನ್ನು ಮನೆಗಳು ಒತ್ತೊತ್ತಾಗಿ ಸುತ್ತುವರಿದಿವೆ. ಅಲ್ಲಿನ ಜನ ತಲೆಮಾರುಗಳಿಂದ ಇದ್ದವರು, ಗುಡಿಗೆ ಅವರೂ ವಾರಸುದಾರರು. ಅವರನ್ನು ಒಕ್ಕಲೆಬ್ಬಿಸಿ ಅಂದಗಾಣಿಸುವ ಯೋಚನೆ ಯಾರಿಗಾದರೂ ಇದ್ದರೆ ಅದನ್ನು ಬಿಡಬೇಕು. ಒಪ್ಪಿದವರಿಗೆ ನ್ಯಾಯವಾದ ಬೆಲೆ, ಹತ್ತಿರದಲ್ಲೇ ಜಾಗ ಕೊಟ್ಟು, ನಿಧಾನವಾಗಿ ನಾಲ್ಕೂ ಬಾಗಿಲಿಗೆ ಗಾಳಿ ಬೆಳಕು ಬಿಡಿಸಬೇಕು. ಪಾಲಿಕೆ ಮುಂದಿನ ಅಕ್ಷರಫಲಕಕ್ಕೆ ತೆಗೆದಿಡುವ ಹಣವನ್ನು ಮೊದಲು ಇದಕ್ಕೆ ಕೊಡಲಿ. ಓದುಗರಲ್ಲಿ ನನ್ನದೊಂದು ವಿನಂತಿ: ಬರುವ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಏಳೂವರೆಗೆಲ್ಲ ಉಣಕಲ್ಲಿಗೆ ಹೋಗಿ, ಬಿಸಿಲು ಮನೆಗಳ ಮಾಳಿಗೆ ದಾಟಿ ಗುಡಿಗೆ ಬರುವ ತನಕ ಆ ಓಣಿಯವರ ಜೊತೆ ಮಾತಾಡುತ್ತ ನಿಲ್ಲಿ, ಅವರ ಮನೆಯವರ ಚಿತ್ರ ತೆಗೆದರೆ ಅದರ ಒಂದು ಪ್ರತಿಯನ್ನು ಅಚ್ಚು ಹಾಕಿಸಿ ಅವರಿಗೆ ಕೊಟ್ಟು ಬನ್ನಿ.